ರಟ್ಟಿನ ಕೊಲ್ಲಿ

ಶಿರಸಿ ಬಿಡುವಾಗ

ಮೀನು ಮುಟ್ಟದವಳು ಮೀನುಗಾರಿಕೆಯ ತರಬೇತಿಗೆಂದು ಫಿಲಿಪ್ಪೀನ್ಸ್‌ಗೆ ಹೋಗಿ ಬಂದಳಂತೆ ಎಂಬ ಮಾತು ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಸುಮಾರು ದಿನ ಓಡಾಡಿತು. ಹಾಗೆ ಹೋಗಿ ಬಂದವಳು ನಾನು. ಊರವರು ನಕ್ಕರು, ನಗಲಿ. ನಮ್ಮ ಮನೆತನದಲ್ಲಿ ಪದವಿ ಎಂಬುದು ನನ್ನಿಂದ ಶುರುವಾದದ್ದು. ವಿಮಾನವೂ ಅಷ್ಟೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಪ್ಪಯ್ಯ ಅಡಿಗೆ ಭಟ್ಟರು. ಹೆಗ್ಗರಣೆಯ ಆಚೆ ನಮ್ಮದೊಂದು ಮನೆ ಇತ್ತು, ತೋಟ ಇರಲಿಲ್ಲ. ಮದುವೆ ಮುಂಜಿ ಇದ್ದಾಗ ಅಪ್ಪಯ್ಯ ಸೌಟು ಹಿಡಿಯುತ್ತಿದ್ದರು. ಮಾವಿನ ಮಿಡಿಯ ಕಾಲ ಬಂತೆಂದರೆ ಸೌಟು ಬಿಟ್ಟು ಕಾಡು ಹಿಡಿಯುತ್ತಿದ್ದರು. ಹೊಳೆಯ ದಂಡೆಯ ಅಪ್ಪೆಮಿಡಿಗೆ ಶಿರಸಿ ಪೇಟೆಯಲ್ಲಿ ಎಂಥ ಬೆಲೆ ಎಂದು ಉಪ್ಪಿನಕಾಯಿ ಹಾಕುವ ಮನೆಯವರಿಗೆಲ್ಲ ಗೊತ್ತು. ಅಪ್ಪಯ್ಯನಿಗೆ ಒಂದು ಮರ ಗೊತ್ತಿತ್ತು. ಜೀರಿಗೆ ಪರಿಮಳದ ಮರ. ಅದು ಎಲ್ಲಿದೆ ಎಂಬುದು ಅವರಿಗೆ ಗೊತ್ತು, ನನಗೆ ಗೊತ್ತು, ನನ್ನ ಹೆತ್ತ ಆಯಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಹೋಗುವ ದಿನ ಅವರು ಮೊದಲು ಸಿದ್ದಾಪುರದ ರಸ್ತೆ ಹಿಡಿದು ನಾಲ್ಕು ಜನರಿಗೆ ಕಾಣುವ ಹಾಗೆ ನಡೆದು, ಆಮೇಲೆ ಹಳ್ಳಕ್ಕೆ ಇಳಿದು ತಿರುಗಿ ಬರುತ್ತಿದ್ದರು. ಬುಟ್ಟಿಯನ್ನು ಮುನ್ನಾ ದಿನವೇ ಪೊದೆಯಲ್ಲಿ ಇಟ್ಟಿರುತ್ತಿದ್ದರು.

"ಕೂಸೆ, ಯಾರಾದ್ರೂ ಕೇಳಿದ್ರೆ ಕಟ್ಟಿಗೆಗೆ ಹೋಯ್ದಾ ಹೇಳು. ಮರ ಎಲ್ಲಿದ್ದು ಹೇಳಿ ನಿಂಗೆ ಗೊತ್ತಿಲ್ಲೆ."

ನೆರೆಮನೆಯ ಗಣಪಣ್ಣ ಅವರ ಕೈ ಹಿಡಿದು ಮೂಸುತ್ತಿದ್ದ. "ಎಂತದು ಭಾವ, ಸೊನೆ ವಾಸನೆ ಬತ್ತು?"

"ಹಲಸಿನಕಾಯಿ ಕೊಯ್ದಿದ್ದೆ ಮಾರಾಯ."

"ಹಲಸಿನಕಾಯಿಗೆ ಜೀರಿಗೆ ಪರಿಮಳ ಯಾವಾಗಿಂದ ಬಂತು?"

ಶಿರಸಿಯಲ್ಲಿ ನೆಂಟರ ಮನೆಯ ಪಾತ್ರೆ ತಿಕ್ಕಿಕೊಂಡು ನಾನು ಬಿ.ಎಸ್‌ಸಿ. ಓದಿದ್ದು. ಪುಸ್ತಕ, ಬಸ್ಸು, ಪರೀಕ್ಷೆಯ ಫೀ ಎಲ್ಲ ಆ ಮರದ್ದು. ಧಾರವಾಡದ ಎಂ.ಎಸ್‌ಸಿ. ಕೂಡ ಬಹುಪಾಲು ಅದರದ್ದೇ. ಆಮೇಲೆ ಕುಮಟಾದಲ್ಲಿ ಕರಾವಳಿಯ ಅಧ್ಯಯನದ ಒಂದು ಯೋಜನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕಂಪ್ಯೂಟರಿಗೆ ಹೆದರದವಳು ನಾನೊಬ್ಬಳೇ ಆದ್ದರಿಂದ ಸಾಹೇಬರು ಈ ತರಬೇತಿಗೆ ನನ್ನ ಹೆಸರು ಬರೆದರು. ಜೊತೆಗೆ ಸರ್ವೆ ಮಾಡುತ್ತಿದ್ದ ರಫೀಕ್ ಭಾಯ್. ಅವರು ಯಲ್ಲಾಪುರದವರು, ಲಾರಿ ಇಟ್ಟವರ ಮನೆ. ನನಗಿಂತ ದೊಡ್ಡವರು, ಮಕ್ಕಳೊಂದಿಗರು. ನಾನು ಮೇಷ್ಟ್ರ ಹಾಗೆ ಮಾತಾಡುತ್ತೇನೆಂದು ನನ್ನನ್ನು 'ಅಕ್ಕೋರೆ' ಎಂದು ಕರೆಯುತ್ತಿದ್ದರು.

"ಚೊಲೋ ಜೋಡಿ ಕಳಸ್ತಾ ಇದಾರೆ," ಎಂದರು ಅವರು. "ಮೀನಿನ ಲೆಕ್ಕ ಹಾಕೂದು ನೀವು, ತಿನ್ನೂದು ನಾನು."

ಆಯಿಗೆ ಸಮುದ್ರ ದಾಟುವುದರ ಚಿಂತೆ ಇರಲಿಲ್ಲ. "ಹೋಪದು ಅಡ್ಡಿಲ್ಲೆ. ಅಲ್ಲಿ ಹೋಗಿ ಎಂತ ತಿಂತೆ?" ಎಂಬುದೊಂದೇ ಚಿಂತೆ.

ಮನಿಲಾ

ವಿಮಾನ ನಿಲ್ದಾಣದಲ್ಲಿ ಹೊರಗೆ ಹೋಗುವ ದಾರಿ ಯಾವುದು ಎಂದು ಒಬ್ಬ ಪೋಲೀಸನನ್ನು ಕೇಳಿದೆ. ಆತ ಮಾತಾಡಲಿಲ್ಲ. ತುಟಿ ಎರಡನ್ನೂ ಮುಂದೆ ಚಾಚಿ ನನ್ನ ಕಡೆ ನೋಡಿದ. ನಾನು ಸೆರಗು ಎಳೆದುಕೊಂಡು ಹಿಂದೆ ಸರಿದೆ. ರಫೀಕ್ ಭಾಯ್‌ಗೆ ಸಿಟ್ಟು ಬಂತು.

"ಇವಂಗೆ ಎಂತ ಆಗದೆ? ಮೈಮೇಲೆ ಖಾಕಿ ಹಾಕ್ಕಂಡು ಇಂಥಾ ಚಾಳಿ?"

ಆತ ಮತ್ತೊಮ್ಮೆ ತುಟಿ ಚಾಚಿದ, ಈ ಸಲ ಕುತ್ತಿಗೆಯನ್ನೂ ಎಡಕ್ಕೆ ತಿರುಗಿಸಿದ. ಎಡಗಡೆ ಬಾಗಿಲಿತ್ತು. ಆ ದೇಶದಲ್ಲಿ ಬೆರಳು ತೋರಿಸುವುದು ಮರ್ಯಾದೆಯಲ್ಲವಂತೆ, ದಾರಿ ತೋರಿಸುವುದೆಲ್ಲ ತುಟಿಯಲ್ಲೇ. ಹೌದು ಎನ್ನಬೇಕಾದರೆ ಹುಬ್ಬು ಏರಿಸುತ್ತಾರೆ, ಅಷ್ಟೆ. ಮೊದಲ ದಿನ ತರಗತಿಯಲ್ಲಿ ನಾನು ಏನು ಕೇಳಿದರೂ ಯಾರೂ ಉತ್ತರಿಸುತ್ತಿಲ್ಲವಲ್ಲ ಎಂದು ನೊಂದುಕೊಂಡೆ. ಅವರೆಲ್ಲ ಹುಬ್ಬಿನಲ್ಲಿ ಉತ್ತರ ಕೊಡುತ್ತಲೇ ಇದ್ದರು. ನಾನು ಹೌದೆಂದು ತಲೆ ಆಡಿಸಿದ್ದನ್ನು ಅವರು ಬೇಡ ಎಂದು ತಿಳಿದು ಎದುರಿಗಿದ್ದ ಚಹಾವನ್ನು ಒಯ್ದುಬಿಟ್ಟರು.

ತರಬೇತಿ ಕೊಡುತ್ತಿದ್ದವರು ಟೆಸ್ ಎಂಬ ಹೆಂಗಸು. ಕುಳ್ಳಗೆ, ಚುರುಕು, ನಗುವಾಗ ಮೇಜು ಬಡಿಯುವವರು. ಅವರು ಕಲಿಸಿದ್ದು ಎರಡು ಬಗೆಯ ಮಾದರಿ. ಮೊದಲನೆಯದು ಕಂಪ್ಯೂಟರಿನದು. ಒಂದು ಕೊಲ್ಲಿಯನ್ನು ಗದ್ದೆಯ ಚೌಕಗಳ ಹಾಗೆ ಭಾಗ ಮಾಡುವುದು. ಯಾವ ಚೌಕದಲ್ಲಿ ಯಾರು ಎಷ್ಟು ಹಿಡಿಯುತ್ತಾರೆ, ಎಲ್ಲಿ ಮೀನು ಮೊಟ್ಟೆಯಿಡುತ್ತದೆ ಎಂದು ತುಂಬಿಸುವುದು. ಯಾವುದಾದರೂ ಚೌಕದಲ್ಲಿ ಬೇಟೆ ನಿಲ್ಲಿಸಿದರೆ ಹತ್ತು ವರ್ಷಕ್ಕೆ ಅಕ್ಕಪಕ್ಕದ ಚೌಕಗಳಲ್ಲಿ ಮೀನು ಎಷ್ಟಾದೀತು ಎಂದು ಅದು ಗೆರೆ ಎಳೆದು ತೋರಿಸುತ್ತದೆ. ಇದು ನನಗೆ ಬೇಗ ಹಿಡಿಯಿತು.

ಎರಡನೆಯದು ರಟ್ಟಿನದು. ಆಳಕ್ಕೆ ತಕ್ಕಂತೆ ರಟ್ಟು ಕತ್ತರಿಸಿ ಒಂದರ ಮೇಲೊಂದು ಅಂಟಿಸಿ, ಗುಡ್ಡ ಕಡಲು ಎಲ್ಲ ಕಾಣುವಂತೆ ಬಣ್ಣ ಬಳಿದು ಕೊಲ್ಲಿಯನ್ನೇ ಮೇಜಿನ ಮೇಲೆ ಕಟ್ಟುವುದು. ಕಟ್ಟಬೇಕಾದವರು ಊರವರು. ಆಮೇಲೆ ಅವರವರೇ ಬಂದು ತಾವು ಮೀನು ಹಿಡಿಯುವ ಜಾಗಕ್ಕೆ ಗುಂಡುಸೂಜಿ ಚುಚ್ಚಬೇಕು.

"ಕಂಪ್ಯೂಟರಿಗೆ ಕಣ್ಣಿಲ್ಲ," ಎಂದರು ಟೆಸ್. "ಊರವರು ಚುಚ್ಚಿದ ಸೂಜಿಯೇ ಅದರ ಕಣ್ಣು."

ದ್ವೀಪ

ಕಲಿತದ್ದನ್ನು ಮಾಡಿ ನೋಡಲು ನಮ್ಮನ್ನು ಬೊಹೋಲ್ ದ್ವೀಪದ ಒಂದು ಊರಿಗೆ ಕರೆದೊಯ್ದರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಪಂಚಾಯತಿ, ಕೊಲ್ಲಿಯ ಒಂದು ಭಾಗದಲ್ಲಿ ಇನ್ನು ಮುಂದೆ ಯಾರೂ ಬಲೆ ಹಾಕಬಾರದು ಎಂದು ತೀರ್ಮಾನ ಮಾಡಿತ್ತು. ಎಲ್ಲಿ ಎಂಬುದು ಮಾತ್ರ ಬಾಕಿ. ಅದನ್ನು ನಮ್ಮ ಮಾದರಿ ನೋಡಿ ಊರ ಸಭೆಯಲ್ಲಿ ಗೊತ್ತುಮಾಡುವುದೆಂದಾಗಿತ್ತು.

ನಾವು ಉಳಿದದ್ದು ದೋಮಿಂಗ್ ಎಂಬ ಮೀನುಗಾರರ ಮನೆಯಲ್ಲಿ. ಊರವರು ಅವರನ್ನು ನೋಂಗ್ ದೋಮಿಂಗ್ ಎನ್ನುತ್ತಿದ್ದರು. ನೋಂಗ್ ಎಂದರೆ ನಮ್ಮ ಅಣ್ಣ ಇದ್ದ ಹಾಗೆ. ಅವರ ಹೆಂಡತಿ ಲೋರ್ನಾ, ಮಗಳು ಮರಿಸೆಲ್. ಮಗಳಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿದ್ದುದರಿಂದ ಊರವರ ಮಾತನ್ನೆಲ್ಲ ನಮಗೆ ಹೇಳುವ ಕೆಲಸ ಅವಳದ್ದು.

ಮನೆ ಬಿದಿರಿನದು. ನೆಲದ ಸಂದಿನಲ್ಲಿ ಕೆಳಗಿನ ಕೋಳಿಗಳು ಕಾಣುತ್ತಿದ್ದವು. ಹಿತ್ತಲಲ್ಲಿ ಹಲಸು, ಬಾಳೆ, ಪಪ್ಪಾಯ. ಒಂದು ಅಡಿಕೆ ಮರವನ್ನೂ ಕಂಡು ನನಗೆ ಕಣ್ಣು ತುಂಬಿ ಬಂತು. ತೋಟ ಇಲ್ಲದವಳಿಗೆ ಅಡಿಕೆ ಮರ ನೋಡಿ ಅಳು ಯಾಕೆ ಬರಬೇಕು, ನಾನೂ ಕೇಳಿಕೊಂಡೆ.

ಊಟದ್ದೇ ದೊಡ್ಡ ಪಂಚಾಯಿತಿ. ಲೋರ್ನಾ ಅವರು ಮೀನು ತಿನ್ನದ ಮನುಷ್ಯರನ್ನು ಕಂಡಿರಲಿಲ್ಲ.

"ಯಾವ ಕಾಯಿಲೆ ಇವಳಿಗೆ?" ಎಂದು ಮಗಳನ್ನು ಕೇಳಿದರು.

ಕಾಯಿಲೆಯಲ್ಲ ಎಂದು ತಿಳಿದ ಮೇಲೆ ಅವರ ಕರುಣೆ ಇನ್ನೂ ಹೆಚ್ಚಾಯಿತು. ಎಳೆಯ ಹಲಸನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಮುಂದಿಟ್ಟರು. ಪರಿಮಳ ಅಪ್ಪಯ್ಯನ ಹಲಸಿನ ಹುಳಿಯದ್ದೇ. ಕೈ ಹಾಕುವಷ್ಟರಲ್ಲಿ ರಫೀಕ್ ಭಾಯ್ ತಡೆದರು. ನನ್ನ ಬಟ್ಟಲನ್ನು ಮೊದಲು ಮೂಸಿ ನೋಡುವುದು ಅವರ ಡ್ಯೂಟಿ.

"ತಡೀರಿ ಅಕ್ಕೋರೆ. ಸೀಗಡಿ ಅದೆ."

"ಸೀಗಡಿ ಇಷ್ಟು ಚಿಕ್ಕದು," ಎಂದರು ಲೋರ್ನಾ, ಕಿರುಬೆರಳ ತುದಿ ತೋರಿಸಿ. "ಇದನ್ನು ಯಾರು ಮೀನು ಅಂತಾರೆ?"

ಆ ಬಟ್ಟಲೂ ರಫೀಕ್ ಭಾಯ್ ಪಾಲಾಯಿತು. ಅವರು ಅಲ್ಲಿ ಮೈ ತುಂಬಿಕೊಂಡರು, ನಾನು ಅನ್ನ, ಬಾಳೆಹಣ್ಣು, ಆಯಿ ಕೊಟ್ಟ ಚಟ್ನಿಪುಡಿಯಲ್ಲಿ ಬಡಕಲಾದೆ.

ಮರಿಸೆಲ್ ನರ್ಸಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆ ಪಾಸಾಗಿದ್ದಳು. ಜೂನಿಗೆ ಪಟ್ಟಣಕ್ಕೆ ಹೋಗಬೇಕು. ಆ ಮನೆಯಿಂದ ಕಾಲೇಜಿಗೆ ಹೋಗುವವಳು ಅವಳೇ ಮೊದಲು. ದೋಮಿಂಗ್ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು, ಒಂದೇ ದಿನ ಎರಡು ಸಲ ಬಂದವರಿಗೆ ಎರಡು ಸಲ. ಖರ್ಚಿಗೆ ದಾರಿ ಏನೆಂದು ನನಗೆ ತಾನಾಗಿ ಗೊತ್ತಾಯಿತು. ಅವರು ಆಗಾಗ ಕೆಂಪು ಬಣ್ಣದ ದೊಡ್ಡ ಮೀನು ತರುತ್ತಿದ್ದರು. ನಮ್ಮ ಕರಾವಳಿಯ ಗೊಬ್ರ ಮೀನಿನ ಜಾತಿ ಎಂದು ರಫೀಕ್ ಭಾಯ್ ಗುರುತು ಹಿಡಿದರು. ಮನಿಲಾದ ಹೋಟೆಲುಗಳಿಗೆ ಒಯ್ಯುವವರು ಬಂದು ಅದನ್ನು ಜೀವಂತ ಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಅವರು ದೋಣಿ ಇಳಿಸುವುದನ್ನು ನಾನು ದಂಡೆಯಲ್ಲಿ ನಿಂತು ನೋಡಿದೆ. ಉತ್ತರಕ್ಕೆ ಹೊರಟರು. ಅಲ್ಲಿದ್ದ ಮೂರು ದೋಣಿಯವರಿಗೆ ಕೈಯೆತ್ತಿ ಕೂಗಿ ಮಾತಾಡಿಸಿದರು. ಮೂಲೆಯ ಬಂಡೆ ದಾಟಿದ ಮೇಲೆ ಬಹಳ ಹೊತ್ತಿಗೆ ಅವರ ದೋಣಿ ದಕ್ಷಿಣದ ಕಡೆ ಸಣ್ಣಗೆ ಕಂಡಿತು. ನನಗೆ ನಗು ಬಂತು. ಸಿದ್ದಾಪುರದ ರಸ್ತೆ ಹಿಡಿದು ಹಳ್ಳಕ್ಕೆ ಇಳಿಯುವ ವಿದ್ಯೆ.

ದೋಮಿಂಗ್ ಅವರ ದೋಣಿ

ಸೂಜಿ ಚುಚ್ಚುವ ಮುನ್ನಾ ದಿನ ದೋಮಿಂಗ್ ನನ್ನನ್ನು ಕೇಳಿದರು. ಮರಿಸೆಲ್ ನಡುವೆ ಕೂತು ಹೇಳುತ್ತಿದ್ದಳು.

"ನಿಮ್ಮ ಯಂತ್ರ ಯಾವ ಜಾಗ ಮುಚ್ಚು ಎನ್ನುತ್ತದೆ?"

"ಮೀನುಗಾರರಿಗೆ ಎಲ್ಲಿ ನಷ್ಟ ಕಡಿಮೆಯೋ ಅಲ್ಲಿ. ಸೂಜಿ ಇಲ್ಲದ ಜಾಗ ಮೊದಲು," ಎಂದೆ.

ಅವರು ಬಲೆಯ ಹರಕು ಹೊಲಿಯುವುದನ್ನು ನಿಲ್ಲಿಸಿದರು. ಸಂಜೆ ನನ್ನನ್ನೂ ಮಗಳನ್ನೂ ದೋಣಿಗೆ ಹತ್ತಿಸಿದರು. ಎರಡೂ ಪಕ್ಕ ಬಿದಿರಿನ ರೆಕ್ಕೆ ಕಟ್ಟಿದ ಕಿರಿದಾದ ದೋಣಿ. ಶಿರಸಿಯಿಂದ ಕುಮಟಾ ಘಟ್ಟ ಇಳಿಯುವ ಬಸ್ಸಿನಲ್ಲಿ ಎಂದೂ ವಾಂತಿ ಮಾಡದವಳು ಅಲ್ಲಿ ಮಾಡಿದೆ. ದೋಣಿ ಕೊಲ್ಲಿಯ ಬಾಯಿಗೆ ಬಂದಾಗ ಅವರು ಹುಟ್ಟು ನಿಲ್ಲಿಸಿ, ಇಗರ್ಜಿಯ ಗೋಪುರವೂ ಗುಡ್ಡದ ಒಂದು ಒಂಟಿ ಮರವೂ ಒಂದೇ ಗೆರೆಗೆ ಬರುವವರೆಗೆ ದೋಣಿಯನ್ನು ತೇಲಲು ಬಿಟ್ಟರು. ಕೆಳಗೆ ನೋಡು ಎಂದು ತುಟಿ ಚಾಚಿದರು. ನೀರಿನೊಳಗೆ ಉದ್ದಕ್ಕೆ ಮಲಗಿದ ಬಂಡೆಸಾಲು ಕಪ್ಪಗೆ ಕಂಡಿತು.

"ಇದು ನನ್ನ ಅಪ್ಪ ತೋರಿಸಿದ್ದು," ಎಂದರು. "ಇಲ್ಲಿಗೆ ಸೂಜಿ ಚುಚ್ಚಿದರೆ ನಾಳೆ ಊರೆಲ್ಲ ಇಲ್ಲಿರುತ್ತದೆ. ಚುಚ್ಚದಿದ್ದರೆ ನಿಮ್ಮ ಯಂತ್ರ ಇದನ್ನು ಮುಚ್ಚುತ್ತದೆ. ಎರಡರಲ್ಲಿ ಯಾವುದಾದರೂ ಇವಳ ಕಾಲೇಜು ಹೋಯಿತು. ನೀವು ಓದಿದವರು. ಏನು ಮಾಡಲಿ?"

ಮರಿಸೆಲ್ ಇದನ್ನು ನನಗೆ ಹೇಳಿ ನೀರನ್ನೇ ನೋಡುತ್ತಿದ್ದಳು. ನಾನು ನಮ್ಮ ಮರದ ಕತೆ ಹೇಳಿದೆ. ಗಣಪಣ್ಣ ಕೈ ಮೂಸುತ್ತಿದ್ದುದನ್ನು ಹೇಳಿದಾಗ ದೋಮಿಂಗ್ ಜೋರಾಗಿ ನಕ್ಕರು. ಯಾರು ಎಲ್ಲಿಗೆ ಹೋಗಿ ಬಂದರೆಂದು ತಿಳಿಯಲು ಇಲ್ಲಿಯವರು ದೋಣಿಯ ಹೊಟ್ಟೆಗೆ ಅಂಟಿದ ಪಾಚಿ ನೋಡುತ್ತಾರಂತೆ. ಈ ಜಾಗ ನನ್ನ ಬಾಯಿಂದ ಹೊರಬೀಳುವುದಿಲ್ಲ ಎಂದು ಮಾತು ಕೊಟ್ಟೆ.

ಸೂಜಿಯ ದಿನ

ಬಾಸ್ಕೆಟ್‌ಬಾಲ್ ಆಡುವ ಚಪ್ಪರದ ಕೆಳಗೆ ಸಭೆ. ನಡುವೆ ಮೇಜಿನ ಮೇಲೆ ರಟ್ಟಿನ ಕೊಲ್ಲಿ, ನೀಲಿ ಬಣ್ಣದಲ್ಲಿ ಮಿರಿಮಿರಿ. ಗಂಡಸರು ಒಬ್ಬೊಬ್ಬರಾಗಿ ಬಂದು ಸೂಜಿ ಚುಚ್ಚಿದರು. ಎಲ್ಲರೂ ದಂಡೆಯ ಅಂಚಿನಲ್ಲೇ ಚುಚ್ಚಿದರು. ಕೊಲ್ಲಿಯ ಬಾಯಿ ಖಾಲಿ. ದೋಮಿಂಗ್ ಕೂಡ ಒಂದು ಕೆಸರಿನ ಮೂಲೆಗೆ ಚುಚ್ಚಿ, ನನ್ನ ಕಡೆ ನೋಡದೆ ಹೋಗಿ ಕೂತರು.

ರಫೀಕ್ ಭಾಯ್ ನನ್ನ ಕಿವಿಗೆ ಬಂದರು. "ಅಕ್ಕೋರೆ, ಇಷ್ಟು ದೋಣಿ ಇಟ್ಕಂಡು ಈ ಗಂಡಸ್ರೆಲ್ಲಾ ಮೊಣಕಾಲು ನೀರಲ್ಲಿ ಚಿಪ್ಪು ಹೆಕ್ಕೂಕೆ ಹೋಗ್ತಾರಾ?"

"ಸುಮ್ನಿರಿ ಭಾಯ್."

"ಸುಮ್ನೇ ಇದ್ದೆ. ನಮ್ಮ ಬೀದಿಯ ಲಾರಿಯವರೂ ಹಿಂಗೇಯ. ಬಾಡಿಗೆ ಎಲ್ಲಿ ಸಿಕ್ತು ಕೇಳಿದ್ರೆ, ಲಾರಿ ಕೆಟ್ಟು ನಿಂತದೆ ಅಂತಾರೆ."

ಟೆಸ್ ಖುಷಿಯಲ್ಲಿದ್ದರು. "ನೋಡಿ, ಇಲ್ಲಿ ಯಾರೂ ಹಿಡಿಯುವುದೇ ಇಲ್ಲ. ಇದನ್ನೇ ಮುಚ್ಚಿದರೆ ಯಾರಿಗೂ ತೊಂದರೆಯಿಲ್ಲ," ಎಂದು ಕೊಲ್ಲಿಯ ಬಾಯಿಯ ಮೇಲೆ ಅಂಗೈ ಇಟ್ಟರು. ಚಪ್ಪರದ ಗಂಡಸರೆಲ್ಲ ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ಒಬ್ಬರೂ ಹುಬ್ಬು ಏರಿಸಲಿಲ್ಲ.

ಆ ಮೌನ ನನಗೆ ಗೊತ್ತಿರುವ ಮೌನ. ಶಿರಸಿಯ ಪೇಟೆಯಲ್ಲಿ ಮಿಡಿ ಮಾರುವವರು ಸಾಲಾಗಿ ಕೂತಿರುತ್ತಾರೆ. ಯಾವ ಕಡೆಯದು ಎಂದು ಗಿರಾಕಿ ಕೇಳಿದ ಕೂಡಲೇ ಎಲ್ಲರೂ ಬುಟ್ಟಿಯಲ್ಲಿ ಏನೋ ಹುಡುಕತೊಡಗುತ್ತಾರೆ. ನಾನು ಟೆಸ್ ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ, "ಈ ಸೂಜಿಗಳನ್ನು ಕಿತ್ತುಬಿಡಿ. ಗುಟ್ಟು ಇರುವವರು ಒಬ್ಬರ ಮುಂದೆ ಒಬ್ಬರು ಚುಚ್ಚುವುದಿಲ್ಲ. ನನ್ನ ಹತ್ತಿರ ಒಬ್ಬೊಬ್ಬರಾಗಿ ಬರಲಿ, ಯಾರ ಹೆಸರೂ ಹೇಳದೆ ಒಟ್ಟು ಲೆಕ್ಕ ಮಾತ್ರ ತೋರಿಸೋಣ. ನಾನು ಮುಂದಿನ ವಾರ ಊರಿಗೆ ಹೋಗುವವಳು, ದೋಣಿ ಇಲ್ಲ, ಮೀನು ತಿನ್ನುವುದಿಲ್ಲ. ಇವರ ಗುಟ್ಟಿನಿಂದ ನನಗೆ ಆಗಬೇಕಾದ್ದೇನೂ ಇಲ್ಲ."

ಮರಿಸೆಲ್ ಅದನ್ನು ಸಭೆಗೆ ಹೇಳಿದಳು. ಮೀನು ತಿನ್ನುವುದಿಲ್ಲ ಎಂಬ ಮಾತಿಗೆ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಶಿಲುಬೆಯ ಗುರುತು ಮಾಡಿಕೊಂಡ. ಆದರೆ ಒಪ್ಪಿದರು.

ಪರದೆಯ ಹಿಂದೆ

ಒಂದು ಹಳೆಯ ಹಾಯಿಬಟ್ಟೆ ಕಟ್ಟಿ ಮರೆ ಮಾಡಿದರು. ಒಳಗೆ ನಾನು, ಕಂಪ್ಯೂಟರು. ಅದರ ಮೇಲೆ ಕೊಲ್ಲಿಯ ಚೌಕಗಳು. ಮಾತಿನ ಅಗತ್ಯ ಇರಲಿಲ್ಲ. ಬಂದವರು ಚೌಕದ ಕಡೆ ತುಟಿ ಚಾಚಬೇಕು, ನಾನು ಒತ್ತಬೇಕು.

ಮೊದಲು ಬಂದವನು ಹಿಂದೆ ಮುಂದೆ ನೋಡಿ, ಕೊಲ್ಲಿಯ ಬಾಯಿಯ ಚೌಕಕ್ಕೆ ತುಟಿ ಚಾಚಿ, ತನ್ನ ಬಾಯಿಗೆ ಬೀಗ ಹಾಕುವ ಹಾಗೆ ಸನ್ನೆ ಮಾಡಿದ. ನಾನೂ ಬೀಗ ಹಾಕಿಕೊಂಡೆ. ಎರಡನೆಯವನೂ ಅದೇ ಚೌಕ, ಅದೇ ಬೀಗ. ಮೂರನೆಯವನು ಎದೆಯ ಮೇಲೆ ಕೈಯಿಟ್ಟು ಆಣೆ ಹಾಕಿಸಿದ. ಅವನದೂ ಅದೇ. ಐದಾರು ಜನ ಆಗುವಷ್ಟರಲ್ಲಿ ನನಗೆ ಹೊಟ್ಟೆಯೊಳಗಿನಿಂದ ನಗು ಉಕ್ಕುತ್ತಿತ್ತು, ಮೇಲೆ ಹೆಡ್‌ಮಾಸ್ತರರ ಮುಖ. ದೋಮಿಂಗ್ ಬಂದಾಗ ಮಾತ್ರ ನಗು ನಿಂತಿತು. ಅವರು ತುಟಿ ಚಾಚಲಿಲ್ಲ, ಸುಮ್ಮನೆ ನನ್ನನ್ನು ನೋಡಿದರು. ನಾನು ಒತ್ತಿದೆ.

ಎಲ್ಲರದೂ ಮುಗಿದ ಮೇಲೆ ಹೆಸರಿಲ್ಲದೆ ಒಟ್ಟು ಮೊತ್ತವನ್ನು ಹೊರಗೆ ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸಿದೆವು. ದಂಡೆಯೆಲ್ಲ ಬಿಳಿ. ಕೊಲ್ಲಿಯ ಬಾಯಲ್ಲಿ ಒಂದೇ ಒಂದು ಚೌಕ ಕಾಡಿಗೆಯ ಹಾಗೆ ಕಪ್ಪು.

ಒಬ್ಬ ಇನ್ನೊಬ್ಬನ ಕಡೆ ತಿರುಗಿ ನಿಧಾನವಾಗಿ ಏನೋ ಕೇಳಿದ. ಮರಿಸೆಲ್ ಹೇಳಿದಳು: "ಅವತ್ತು ಅಲ್ಲಿ ಸಿಕ್ಕಾಗ ಎಂಜಿನ್ ಕೆಟ್ಟು ತೇಲಿ ಬಂದೆ ಅಂದೆಯಲ್ಲ, ಅಂತ ಕೇಳ್ತಿದ್ದಾನೆ."

"ಅವನು ಏನಂದ?"

"ನೀನೂ ಟೋಪಿ ಹಾರಿಹೋಯ್ತು, ಹುಡುಕ್ತಿದೀನಿ ಅಂದಿದ್ದೆಯಲ್ಲ, ಅಂತ."

ಚಪ್ಪರ ಹಾರಿಹೋಗುವ ಹಾಗೆ ನಕ್ಕರು. ಟೆಸ್ ಮೇಜು ಬಡಿದ ಹೊಡೆತಕ್ಕೆ ರಟ್ಟಿನ ಒಂದು ಗುಡ್ಡ ಕಿತ್ತುಬಂತು. ತಮ್ಮೊಬ್ಬರಿಗೇ ಗೊತ್ತೆಂದು ತಲೆಮಾರಿನಿಂದ ಕಾಪಾಡಿದ ಬಂಡೆಯ ಮೇಲೆ ಊರಿಗೆ ಊರೇ, ಒಬ್ಬರ ಕಣ್ಣು ತಪ್ಪಿಸಿ ಒಬ್ಬರು, ಕೂತಿತ್ತು.

ನಗು ಇಳಿದ ಮೇಲೆ ನಾನು ಗೆರೆ ತೋರಿಸಿದೆ. ಈಗಿನ ಹಾಗೇ ಹಿಡಿದರೆ ಆ ಬಂಡೆ ಬರಿದಾಗುತ್ತ ಹೋಗುವ ಗೆರೆ. ಮುಚ್ಚಿದರೆ ಮೊದಲು ಸ್ವಲ್ಪ ಇಳಿದು, ಆಮೇಲೆ ಸುತ್ತಲ ನೀರಿನಲ್ಲೆಲ್ಲ ಮೀನು ಏರುವ ಗೆರೆ. ಜನ ಗುಸುಗುಸು ಎಂದರು. ಅರ್ಧ ಮುಚ್ಚಿ ಎಂದ ಒಬ್ಬ. ಮುಂದಿನ ವರ್ಷ ನೋಡೋಣ ಎಂದ ಇನ್ನೊಬ್ಬ.

ದೋಮಿಂಗ್ ಎದ್ದು ನಿಂತರು. ಅವರು ಒಂದು ಮಾತು ಆಡುವುದು, ಮರಿಸೆಲ್ ಅದನ್ನು ನಮಗೆ ಇಂಗ್ಲಿಷಿನಲ್ಲಿ ಹೇಳುವುದು.

"ವರ್ಷದಿಂದ ವರ್ಷಕ್ಕೆ ಮೀನು ಕಡಿಮೆ ಆಗ್ತಿತ್ತು. ಬಂಡೆಗೆ ವಯಸ್ಸಾಯ್ತು ಅಂದುಕೊಂಡಿದ್ದೆ. ಇಷ್ಟು ಜನ ಇದ್ದೇವೆ ಅಂತ ಗೊತ್ತಿರಲಿಲ್ಲ."

"ಪೂರ್ತಿ ಮುಚ್ಚಿ. ಅರ್ಧ ಮುಚ್ಚಿದರೆ ನಮ್ಮೆಲ್ಲರ ಎಂಜಿನ್ನೂ ಅಲ್ಲೇ ಕೆಡುತ್ತದೆ."

ಮತ್ತೆ ನಗು. ಅವರು ಕಾದರು.

"ನನ್ನ ಮಗಳು ಈ ಜೂನಿಗೆ ಕಾಲೇಜಿಗೆ ಹೋಗಬೇಕಿತ್ತು. ತಡವಾಗಿ ಹೋಗುತ್ತಾಳೆ."

ಈ ಮಾತನ್ನು ಮರಿಸೆಲ್ ಮೊದಲ ಸಲ ಕೇಳಿದ್ದು ಅಲ್ಲೇ, ನಮಗೆ ಹೇಳಬೇಕಾದ ಹೊತ್ತಿನಲ್ಲೇ. ಅವಳು ಒಂದು ಶಬ್ದವನ್ನೂ ಬಿಡದೆ ಹೇಳಿದಳು. ಹೇಳಿ ಮುಗಿಸಿ ಅಪ್ಪನ ಮುಂದಿನ ಮಾತಿಗೆ ಕಾದಳು. ದೋಮಿಂಗ್ ಕೂತುಬಿಟ್ಟಿದ್ದರು. ಆಮೇಲೆ ಹುಬ್ಬುಗಳು ಒಂದೊಂದಾಗಿ ಏರಿದವು.

ಕೊನೆಯ ಸಂಜೆ

ಹೊರಡುವ ಮುನ್ನಾ ದಿನ ಮನೆಯ ಮುಂದಿನ ಬಿದಿರಿನ ಕಟ್ಟೆಯ ಮೇಲೆ ಕೂತು ನಾನು ಲೆಕ್ಕಗಳನ್ನೆಲ್ಲ ಮತ್ತೊಮ್ಮೆ ನೋಡುತ್ತಿದ್ದೆ. ಮರಿಸೆಲ್ ಅಕ್ಕಿ ಆರಿಸುವ ಮೊರ ಕೆಳಗಿಟ್ಟು ಪಕ್ಕಕ್ಕೆ ಬಂದಳು.

"ಆ ಗೆರೆ ಇನ್ನೊಮ್ಮೆ ತೋರಿಸಿ."

ತೋರಿಸಿದೆ. ಅವಳು ಏರುವ ಭಾಗವನ್ನು ನೋಡಲಿಲ್ಲ. ಶುರುವಿನ ತಗ್ಗಿನ ಮೇಲೆ ಉಗುರು ಇಟ್ಟಳು. ಹತ್ತು ವರ್ಷದ ಗೆರೆಯಲ್ಲಿ ಅದು ಅವಳ ಉಗುರಿಗಿಂತ ಚಿಕ್ಕದಾಗಿತ್ತು. ಸಭೆಯಲ್ಲಿ 'ಸ್ವಲ್ಪ ಇಳಿದು' ಎಂದು ನಾನು ಹೇಳಿದ್ದು ಅದನ್ನೇ.

ಅವಳು ಕಾಲೇಜಿಗೆ ಹೋದದ್ದು ಎರಡು ವರ್ಷ ಕಳೆದ ಮೇಲೆ ಎಂದು ಬಹಳ ತಡವಾಗಿ ಟೆಸ್ ತಿಳಿಸಿದರು. ಆ ಬಂಡೆಯ ಸುತ್ತ ಮೀನು ಹೆಚ್ಚಾದದ್ದೂ ನಿಜವಂತೆ. ಆಮೇಲೆ ನಾನು ನಮ್ಮ ಅಘನಾಶಿನಿ ಅಳಿವೆಯಲ್ಲಿ ಇಂಥ ಗೆರೆಗಳನ್ನು ಎಷ್ಟೋ ಎಳೆದಿದ್ದೇನೆ. ಮೊದಲ ವರ್ಷದ ತಗ್ಗನ್ನು ಬೇರೆ ಹಾಳೆಯಲ್ಲಿ, ದೂರ ಕೂತವರಿಗೂ ಕಾಣುವಷ್ಟು ದೊಡ್ಡದಾಗಿ ಬರೆಯುತ್ತೇನೆ. ಸಾಹೇಬರಿಗೆ ಅದು ಹಿಡಿಸುತ್ತಿರಲಿಲ್ಲ, ಜನ ಹೆದರುತ್ತಾರೆ ಎನ್ನುತ್ತಿದ್ದರು.

ಆ ಸಂಜೆ ಮರಿಸೆಲ್ ಉಗುರನ್ನು ತೆಗೆಯದೆ ಕೇಳಿದಳು, "ನಾನು ಇದರೊಳಗೆ ಇದ್ದೇನೆ, ಅಲ್ಲವಾ?"

"ಹೌದು," ಎಂದೆ.

"ಇಷ್ಟೇನಾ?"

ನಾನು ಕೀಲಿ ಒತ್ತಿ ಗೆರೆಯನ್ನು ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ. ಏರುವ ಭಾಗ ಪರದೆಯಿಂದ ಆಚೆ ಹೋಯಿತು. ತಗ್ಗು ಒಂದೇ ಪರದೆ ತುಂಬಾ ನಿಂತಿತು, ಎರಡು ಗುಡ್ಡಗಳ ನಡುವಿನ ಕಣಿವೆಯಷ್ಟು ಆಳವಾಗಿ. ಅವಳು ಉಗುರನ್ನು ತೆಗೆದಳು.

"ಈಗ ಸರಿಯಾಯಿತು," ಎಂದು ಎದ್ದು, ಮೊರ ಎತ್ತಿಕೊಂಡು ಒಳಗೆ ಹೋದಳು.